ಪುಟ್ಟಿ ಹಾಕಿದ ಜಾಗ ಮತ್ತೆ ಎದ್ದರೆ: ಕರಾವಳಿಯ ಹಳೆಯ ಕಾರುಗಳಿಗೊಂದು ದೋಷ ನಿವಾರಣೆ ಕೈಪಿಡಿ

ಬೇಸಿಗೆಯಲ್ಲಿ ಟಿಂಕರಿಂಗ್ ಮಾಡಿಸಿ (ನೆಗ್ಗಿದ ತಗಡನ್ನು ತಟ್ಟಿ ಸರಿಮಾಡಿಸಿ), ಉಳಿದ ತಗ್ಗಿಗೆ ಪುಟ್ಟಿ ಎಳೆಸಿ, ಬಣ್ಣ ಹೊಡೆಸಿದ ಅಂಬಾಸಿಡರ್ ಅಥವಾ ಪದ್ಮಿನಿ ಒಂದು ಮಳೆಗಾಲ ದಾಟುವಷ್ಟರಲ್ಲಿ ಮಾತಾಡಲು ಶುರು ಮಾಡುತ್ತದೆ. ಬಾಗಿಲಿನ ಕೆಳ ಅಂಚಿನಲ್ಲಿ ಗುಳ್ಳೆ, ಮಡ್‌ಗಾರ್ಡ್ ಮೇಲೆ ಸಣ್ಣ ಬಿರುಕು, ಸಂಜೆಯ ಓರೆ ಬಿಸಿಲಿನಲ್ಲಿ ಪುಟ್ಟಿ ಹಾಕಿದ್ದ ಜಾಗದ ಸುತ್ತ ಎದ್ದು ಕಾಣುವ ಉಂಗುರ. ಆಗ ಎಲ್ಲರೂ ದೂರುವುದು ಪುಟ್ಟಿಯ ಡಬ್ಬಿಯನ್ನು. ಮಂಗಳೂರು, ಉಡುಪಿ ಕಡೆಯ ಹಳೆಯ ಕಾರುಗಳನ್ನು ಬಿಚ್ಚಿ ನೋಡಿದರೆ ಕಾರಣ ಹೆಚ್ಚಿನ ಸಲ ತಗಡಿನ ಹಿಂಬದಿಯಲ್ಲಿ ಸಿಗುತ್ತದೆ. ಹಿಂಬದಿ ನೋಡದೆ ಮುಂಬದಿಗೆ ಎಮರಿ ಕಾಗದ ಹಿಡಿದವರು ಮುಂದಿನ ವರ್ಷ ಅದೇ ಜಾಗಕ್ಕೆ ಮತ್ತೆ ಹಣ ಸುರಿಯುತ್ತಾರೆ. ಅಂಬಾಸಿಡರ್ ತಯಾರಿಕೆ 2014ರಲ್ಲೇ ನಿಂತಿದೆ, ಪದ್ಮಿನಿ ಅದಕ್ಕೂ ಮೊದಲೇ ನಿಂತಿತು. ಒಳ್ಳೆಯ ಬಾಗಿಲು, ಮಡ್‌ಗಾರ್ಡ್ ಹೊಸದಾಗಿ ಸಿಗುವುದು ದುರ್ಲಭ. ಇರುವ ತಗಡನ್ನು ಉಳಿಸಿಕೊಳ್ಳಲೇಬೇಕು. ಅದಕ್ಕಾಗಿಯೇ ಈ ಬರಹ.

ಉಜ್ಜುವ ಮೊದಲು

ಕಾರನ್ನು ನೆರಳಿಗೆ ತಂದು, ಸಿಹಿನೀರಿನಲ್ಲಿ ತೊಳೆದು, ಪೂರ್ತಿ ಒಣಗಲು ಬಿಡಿ. ಕೈಗೆ ಬೇಕಾದದ್ದು ಫ್ರಿಜ್ ಬಾಗಿಲಿಗೆ ಅಂಟಿಸುವಂಥ ಬಲ ಕಡಿಮೆಯ ಮ್ಯಾಗ್ನೆಟ್, ಒಂದಷ್ಟು ಜೆರಾಕ್ಸ್ ಹಾಳೆ, ಸೂಜಿ, ಟಾರ್ಚ್, ಸಣ್ಣ ಕನ್ನಡಿ.

ಪುಟ್ಟಿ ಎಷ್ಟು ದಪ್ಪ ಇದೆ ಎಂಬುದು ಗೊತ್ತಾಗದೆ ಮುಂದಿನ ಯಾವ ತೀರ್ಮಾನವೂ ಸರಿಬರುವುದಿಲ್ಲ. ಅಳೆಯುವ ಯಂತ್ರ ಇಲ್ಲದಿದ್ದರೂ ಚಿಂತೆಯಿಲ್ಲ. ಸಾಮಾನ್ಯ ಜೆರಾಕ್ಸ್ ಹಾಳೆಯ ದಪ್ಪ ಸುಮಾರು 0.1 ಮಿಲಿಮೀಟರ್. ಪುಟ್ಟಿ ಇಲ್ಲವೆಂದು ಖಚಿತವಾಗಿರುವ ಜಾಗದಲ್ಲಿ, ಉದಾಹರಣೆಗೆ ಡಿಕ್ಕಿಯ ಒಳಗಿನ ತಗಡಿನ ಮೇಲೆ, ಹತ್ತು ಹಾಳೆ ಇಟ್ಟು ಅದರ ಮೇಲೆ ಮ್ಯಾಗ್ನೆಟ್ ಇಟ್ಟು ಎಳೆದು ನೋಡಿ. ಅದು ಒಂದು ಮಿಲಿಮೀಟರ್ ಪುಟ್ಟಿಯ ಸೆಳೆತ. ಇಪ್ಪತ್ತು, ಮೂವತ್ತು ಹಾಳೆಗಳಲ್ಲೂ ನೋಡಿ ಬೆರಳಿಗೆ ಆ ಸೆಳೆತದ ಅಂದಾಜು ಸಿಗುವಂತೆ ಮಾಡಿಕೊಳ್ಳಿ. ಈಗ ಅನುಮಾನದ ಜಾಗಕ್ಕೆ ಹೋಗಿ, ಅಂಗೈ ಅಗಲಕ್ಕೊಂದರಂತೆ ಮ್ಯಾಗ್ನೆಟ್ ಇಡುತ್ತಾ ಬನ್ನಿ. ಮೂವತ್ತು ಹಾಳೆಯ ಸೆಳೆತಕ್ಕಿಂತ ಕಡಿಮೆ ಇರುವ ಕಡೆಗಳಲ್ಲಿ ಸೀಮೆಸುಣ್ಣದ ಗುರುತು ಹಾಕಿ. ಉಜ್ಜಿ ಮುಗಿಸಿದ ಮೇಲೆ ಪುಟ್ಟಿ 3 ಮಿಲಿಮೀಟರ್‌ಗಿಂತ ದಪ್ಪ ಉಳಿಯಬಾರದು ಎಂಬುದು ಈ ಕೆಲಸದ ಹಳೆಯ ನಿಯಮ. ಗುರುತು ಬಿದ್ದ ಕಡೆಯೆಲ್ಲ ಅದು ಮೀರಿದೆ ಎಂದೇ ಅರ್ಥ.

ಮ್ಯಾಗ್ನೆಟ್ ಹಿಡಿಯುವುದೇ ಇಲ್ಲ ಎಂದಾದರೆ ಅಲ್ಲಿ ತಗಡೇ ಇಲ್ಲದಿರಬಹುದು. ತೂತಾದ ಜಾಗಕ್ಕೆ ಫೈಬರ್ ಬಟ್ಟೆ ಹಾಸಿ ಪುಟ್ಟಿ ಮೆತ್ತಿರುವ ಕಾರುಗಳು ನಮ್ಮಲ್ಲಿ ಬೇಕಾದಷ್ಟಿವೆ. ಬಹಳ ಹಳೆಯ ಕಾರಾದರೆ ಸೀಸ ತುಂಬಿರುವ ಸಾಧ್ಯತೆಯೂ ಇದೆ. ಪಾಲಿಯೆಸ್ಟರ್ ಪುಟ್ಟಿ ಬರುವುದಕ್ಕೆ ಮೊದಲು ತಗಡಿನ ತಗ್ಗನ್ನು ಸೀಸ ಮತ್ತು ತವರದ ಮಿಶ್ರಣ ಕರಗಿಸಿ ತುಂಬುತ್ತಿದ್ದರು. ಬೂದು ಬಣ್ಣದ, ಉಗುರಿಗೆ ಗೀರು ಬೀಳುವ ಮೆದು ಲೋಹ ಕಂಡರೆ ಅಲ್ಲಿ ಗ್ರೈಂಡರ್ ಆಗಲಿ ಎಮರಿ ಕಾಗದವಾಗಲಿ ಬೇಡವೇ ಬೇಡ. ಸೀಸದ ಧೂಳು ವಿಷ. ಆ ಸೀಸ ಗಟ್ಟಿಯಾಗಿ ಕೂತಿದ್ದರೆ ಹಾಗೆಯೇ ಬಿಡುವುದು ಲೇಸು.

ಆಮೇಲೆ ಹಿಂಬದಿ. ಬಾಗಿಲ ಒಳಬದಿಯ ರೆಕ್ಸಿನ್ ಹಲಗೆ ಬಿಚ್ಚಿ, ಟಾರ್ಚ್ ಹಾಕಿ ಕನ್ನಡಿಯಲ್ಲಿ ಕೆಳ ಅಂಚನ್ನು ನೋಡಿ. ಗಾಜಿನ ಪಕ್ಕದಿಂದ ಇಳಿದ ಮಳೆನೀರು ಹೊರಹೋಗಲೆಂದು ಅಲ್ಲಿ ಸಣ್ಣ ತೂತುಗಳಿರುತ್ತವೆ. ಅವುಗಳಲ್ಲಿ ಒಂದು ಕಡ್ಡಿ ಆಡಿಸಿ. ನಮ್ಮ ಮುರಕಲ್ಲಿನ ಕೆಂಪು ಮಣ್ಣು ಒಮ್ಮೆ ಒಳಗೆ ಸೇರಿ ಒಣಗಿದರೆ ಸಿಮೆಂಟು ಹಾಕಿದಂತೆ ಕೂರುತ್ತದೆ. ಮೇಲಿನಿಂದ ನೀರು ಬರುತ್ತಲೇ ಇರುತ್ತದೆ, ಕೆಳಗೆ ದಾರಿ ಇರುವುದಿಲ್ಲ, ಬಾಗಿಲು ತಿಂಗಳುಗಟ್ಟಲೆ ಒಳಗೇ ಒದ್ದೆ. ಮಡ್‌ಗಾರ್ಡ್ ಆದರೆ ಚಕ್ರ ಕಳಚಿ, ಹೆಡ್‌ಲೈಟಿನ ಹಿಂದೆ ಮತ್ತು ಬಾಗಿಲಿನ ಕಡೆಯ ಮೂಲೆಯಲ್ಲಿ ಕೂತ ಮಣ್ಣನ್ನು ಕೆರೆದು ತೆಗೆಯಿರಿ. ಸ್ಕ್ರೂಡ್ರೈವರ್ ತುದಿಯಿಂದ ಒತ್ತಿದರೆ ಅಲ್ಲಿನ ತಗಡು ಗಟ್ಟಿ ಇದೆಯೋ ಪದರ ಪದರವಾಗಿ ಉದುರುತ್ತದೆಯೋ ತಿಳಿಯುತ್ತದೆ. ಉದುರಿದರೆ ಪುಟ್ಟಿಯ ಪ್ರಶ್ನೆ ಅಲ್ಲಿಗೆ ಮುಗಿಯಿತು. ಕೆಟ್ಟ ತಗಡನ್ನು ಕತ್ತರಿಸಿ ಹೊಸ ತಗಡು ವೆಲ್ಡ್ ಮಾಡಿಸಬೇಕು.

ಗುಳ್ಳೆ

ಗುಳ್ಳೆಗಳೆಲ್ಲ ನೋಡಲು ಒಂದೇ ತರಹ, ಹುಟ್ಟಿನಲ್ಲಿ ಬೇರೆ ಬೇರೆ. ಮೊದಲು ಕೇಳಿಕೊಳ್ಳಬೇಕಾದದ್ದು, ಅದು ಯಾವಾಗ ಎದ್ದಿತು? ಬಣ್ಣ ಹೊಡೆದ ಮೊದಲ ವಾರಗಳಲ್ಲಿ, ಕಾರು ಬಿಸಿಲಿಗೆ ನಿಂತಾಗ ಎದ್ದಿದ್ದರೆ, ಒಳಗೆ ಉಳಿದ ಥಿನ್ನರ್ ಅಥವಾ ಪುಟ್ಟಿಯ ಸಣ್ಣ ತೂತುಗಳಲ್ಲಿ ಸಿಕ್ಕಿಕೊಂಡ ಗಾಳಿ ಕಾಯ್ದು ಹಿಗ್ಗಿದೆ. ಮಳೆಗಾಲದಲ್ಲಿ ಎದ್ದು, ಜನವರಿಯ ಹೊತ್ತಿಗೆ ತಗ್ಗಿ, ಮುಂದಿನ ಜೂನ್‌ನಲ್ಲಿ ಮತ್ತೆ ಎದ್ದರೆ ಅದು ತೇವ. ಎದ್ದ ಮೇಲೆ ತಗ್ಗದೆ ದೊಡ್ಡದಾಗುತ್ತಲೇ ಹೋದರೆ ಅದು ತುಕ್ಕು.

ಈಗ ಸೂಜಿ. ಗುಳ್ಳೆಯ ನೆತ್ತಿಗೆ ಚುಚ್ಚಿ, ಸಣ್ಣ ಚಾಕುವಿನಿಂದ ಆ ಬಣ್ಣದ ಟೊಪ್ಪಿಯನ್ನು ಎಬ್ಬಿಸಿ, ಅದರ ಒಳಮೈಯನ್ನು ಬೆಳಕಿಗೆ ಹಿಡಿದು ನೋಡಿ. ಹನಿ ನೀರು ಬಂದು, ಕೆಳಗೆ ಪುಟ್ಟಿಯ ಮೈ ಸ್ವಚ್ಛವಾಗಿ ಕಂಡರೆ ಪುಟ್ಟಿ ನೀರು ಕುಡಿದಿತ್ತು ಎಂದರ್ಥ. ಒಳಮೈಗೆ ಕಂದು ಪುಡಿ ಅಂಟಿಕೊಂಡು, ಪುಟ್ಟಿಯೂ ತಗಡಿನಿಂದ ಬಿಟ್ಟು ಬಂದರೆ ತುಕ್ಕು ಹಿಂದಿನಿಂದ ತಿಂದುಕೊಂಡು ಬಂದಿದೆ. ಏನೂ ಇಲ್ಲದೆ ಒಣಗಿದ ಕುಳಿ ಮಾತ್ರ ಕಂಡರೆ ಗಾಳಿ ಅಥವಾ ಥಿನ್ನರ್.

ಪುಟ್ಟಿ ನೀರು ಕುಡಿಯುವುದು ಹೇಗೆ ಎಂಬುದನ್ನು ಇಲ್ಲಿ ಸ್ವಲ್ಪ ಬಿಡಿಸಿ ಹೇಳಲೇಬೇಕು. ಪಾಲಿಯೆಸ್ಟರ್ ಪುಟ್ಟಿ ಎಂದರೆ ರಾಳದಲ್ಲಿ ಕಲಸಿದ ನುಣ್ಣನೆಯ ಟಾಲ್ಕ್ ಪುಡಿ. ಗಟ್ಟಿಯಾದ ಮೇಲೂ ಅದರ ಮೈಯಲ್ಲಿ ಕಣ್ಣಿಗೆ ಕಾಣದ ರಂಧ್ರಗಳಿರುತ್ತವೆ. ಧೂಳು ಏಳಬಾರದೆಂದು ನಮ್ಮ ಬಹಳ ಕಡೆ ಪುಟ್ಟಿಯನ್ನು ನೀರು ಹಾಕಿ ಉಜ್ಜುತ್ತಾರೆ. ಆ ನೀರು ಒಳಗಿಳಿಯುತ್ತದೆ, ಮೇಲೆ ಬಣ್ಣ ಬಿದ್ದು ಅಲ್ಲೇ ಬಂದಿಯಾಗುತ್ತದೆ. ಕಡಲ ಪಕ್ಕದ ಊರುಗಳಲ್ಲಿ ಬೇಸಿಗೆಯ ಕೊನೆಗೆ ಬಾವಿ ನೀರು ಉಪ್ಪಾಗುವುದುಂಟು. ಅಂಥ ನೀರಿನಲ್ಲಿ ಉಜ್ಜಿದರೆ ಉಪ್ಪು ಪುಟ್ಟಿಯಲ್ಲೇ ಉಳಿದು ಬಣ್ಣದ ಮೂಲಕವೂ ತೇವವನ್ನು ಎಳೆದುಕೊಳ್ಳುತ್ತಲೇ ಇರುತ್ತದೆ. ಪುಟ್ಟಿಯನ್ನು ಒಣಗಿದಂತೆಯೇ ಉಜ್ಜಬೇಕು, ಮೂಗಿಗೆ ಒಳ್ಳೆಯ ಮಾಸ್ಕ್ ಹಾಕಿಕೊಂಡು. ನೀರು ಹಾಕಿ ಉಜ್ಜುವುದೇನಿದ್ದರೂ ಪ್ರೈಮರ್ ಸರ್ಫೇಸರ್ (ಬಣ್ಣಕ್ಕೆ ಮೊದಲು ಹೊಡೆಯುವ ಅಡಿ ಪದರ) ಹೊಡೆದ ಮೇಲೆ, ಅದೂ ಪುಟ್ಟಿ ಎಲ್ಲೂ ಇಣುಕದಿದ್ದರೆ ಮಾತ್ರ.

ನೀರು ಕುಡಿದ ಪುಟ್ಟಿಯನ್ನು ಬಿಸಿಲಿಗೆ ಒಣಗಿಸಿ ಉಳಿಸಿಕೊಳ್ಳುವ ಆಸೆ ಬಿಡಿ. ತಗಡಿನವರೆಗೆ ತೆಗೆಯಿರಿ.

ತುಕ್ಕಿನ ಗುಳ್ಳೆಗೆ ಇನ್ನೊಂದು ಮಾತು. ಪಣಂಬೂರು, ಉಳ್ಳಾಲ, ಮಲ್ಪೆಯ ಗಾಳಿಯಲ್ಲಿ ನಿಲ್ಲುವ ಕಾರಿನ ತುಕ್ಕಿನ ಕುಳಿಗಳಲ್ಲಿ ಉಪ್ಪು ಕೂತಿರುತ್ತದೆ. ತುಕ್ಕು ಹಿಡಿಸುವ ಕೆಲಸದಲ್ಲಿ ಆ ಉಪ್ಪಿನ ಕ್ಲೋರೈಡ್ ಖರ್ಚಾಗಿ ಹೋಗುವುದಿಲ್ಲ. ಎಲ್ಲಿಯವರೆಗೆ ಅಲ್ಲಿರುತ್ತದೋ ಅಲ್ಲಿಯವರೆಗೆ ತಗಡನ್ನು ತಿನ್ನಿಸುತ್ತಲೇ ಇರುತ್ತದೆ. ಮೇಲೆ ಹೊಳೆಯುವಂತೆ ಗ್ರೈಂಡರ್ ಹೊಡೆದರೂ ಕುಳಿಯ ತಳದಲ್ಲಿ ಕಪ್ಪು ಚುಕ್ಕಿ ಉಳಿದಿದ್ದರೆ ಕೆಲಸ ಮುಗಿದಿಲ್ಲ. ತಂತಿ ಬ್ರಷ್‌ನಿಂದ ಉಜ್ಜಿ, ಸಿಹಿನೀರಿನಲ್ಲಿ ತೊಳೆದು, ಒಣಗಿಸಿ, ಮತ್ತೆ ಉಜ್ಜಿ ತೊಳೆದು, ಚುಕ್ಕಿ ಹೋಗುವವರೆಗೆ ಬಿಡಬಾರದು. ಸ್ಯಾಂಡ್ ಬ್ಲಾಸ್ಟಿಂಗ್ (ಗಾಳಿಯ ಒತ್ತಡದಲ್ಲಿ ಮರಳು ಚಿಮ್ಮಿಸಿ ತುಕ್ಕು ತೆಗೆಯುವುದು) ಮಾಡಿಸಲು ಆಗುವುದಾದರೆ ಚಿಕ್ಕ ಜಾಗಗಳಿಗೆ ಅದು ಉತ್ತಮ. ಬಾಗಿಲಿನ ಅಗಲವಾದ ಮೈಗೆ ಬೇಡ, ತೆಳು ತಗಡು ಸೊಟ್ಟಗಾಗುತ್ತದೆ.

ಹಾಳೆ ಹಾಳೆಯಾಗಿ ಕಿತ್ತು ಬಂದರೆ

ಕಿತ್ತು ಬಂದ ಪುಟ್ಟಿಯ ತುಂಡನ್ನು ಮಗುಚಿ ನೋಡಿ. ಹಿಂಬದಿ ನುಣುಪಾಗಿ ಹೊಳೆಯುತ್ತಿದ್ದರೆ ತಗಡನ್ನು ಸಾಕಷ್ಟು ಒರಟಾಗಿ ಉಜ್ಜಿರಲಿಲ್ಲ. ಪುಟ್ಟಿ ಕಚ್ಚಿಕೊಳ್ಳಲು 80 ನಂಬರ್ ಎಮರಿಯ ಗೀರುಗಳು ಬೇಕು (ನಂಬರ್ ಕಡಿಮೆಯಾದಷ್ಟೂ ಎಮರಿ ಒರಟು). ಹಿಂಬದಿಯಲ್ಲಿ ಹಳೆಯ ಬಣ್ಣ ಅಂಟಿ ಬಂದಿದ್ದರೆ ಬಣ್ಣ ತೆಗೆಯದೆ ಮೇಲೆಯೇ ಎಳೆದಿದ್ದಾರೆ. ಹಿಂಬದಿ ಮೆದುವಾಗಿ, ಅಂಟಂಟಾಗಿ ಇದ್ದರೆ ಆಮ್ಲದ ಮೇಲೆ ಅನುಮಾನ ಪಡಿ. ತುಕ್ಕು ತೆಗೆಯುವ ದ್ರವಗಳಲ್ಲಿ ಸಾಮಾನ್ಯವಾಗಿ ಫಾಸ್ಫಾರಿಕ್ ಆಮ್ಲ ಇರುತ್ತದೆ. ಅದನ್ನು ತೊಳೆದು ತೆಗೆಯದಿದ್ದರೆ ಅದರ ಮೇಲಿನ ಪುಟ್ಟಿ ಸರಿಯಾಗಿ ಗಟ್ಟಿಯಾಗುವುದಿಲ್ಲ. ಎಚ್ ಪ್ರೈಮರ್ (ತಗಡನ್ನು ಕಚ್ಚಲೆಂದು ಆಮ್ಲ ಬೆರೆಸಿದ ಪ್ರೈಮರ್) ಮೇಲೆ ನೇರವಾಗಿ ಪುಟ್ಟಿ ಎಳೆಯಬಾರದು ಎನ್ನುವುದಕ್ಕೂ ಇದೇ ಕಾರಣ.

ನಮ್ಮ ಹವೆಗೆ ನಾನು ಒಪ್ಪುವ ಕ್ರಮ ಒಂದೇ: ತಗಡು ಬರಿದಾದ ದಿನವೇ, ಬೆವರಿನ ಕೈ ತಾಗಿಸದೆ, ಎರಡು ಭಾಗದ ಎಪಾಕ್ಸಿ ಪ್ರೈಮರ್ ಹೊಡೆಯುವುದು. ಅದು ಗಟ್ಟಿಯಾದ ಮೇಲೆ ಮೈ ಒರಟು ಮಾಡಿ, ಅದರ ಮೇಲೆ ಪುಟ್ಟಿ ಎಳೆಯುವುದು. ಎಪಾಕ್ಸಿ ನೀರನ್ನು ತಡೆಯುತ್ತದೆ, ಪುಟ್ಟಿ ತಡೆಯುವುದಿಲ್ಲ. ಒಣ ಊರುಗಳಲ್ಲಿ ಬರಿ ತಗಡಿನ ಮೇಲೆ ಪುಟ್ಟಿ ಎಳೆದು ದಶಕಗಟ್ಟಲೆ ಉಳಿಸಿಕೊಂಡವರಿದ್ದಾರೆ. ಇಲ್ಲಿ ಬೆಳಿಗ್ಗೆ ಉಜ್ಜಿದ ತಗಡಿನ ಮೇಲೆ ಸಂಜೆಯೊಳಗೆ ಕೇಸರಿ ಛಾಯೆ ಮೂಡಿರುತ್ತದೆ. ಆ ಛಾಯೆಯ ಮೇಲೆ ಎಳೆದ ಪುಟ್ಟಿ ತುಕ್ಕಿನ ಮೇಲೆ ಎಳೆದ ಪುಟ್ಟಿಯೇ.

ಬಿರುಕು

ಬಿರುಕು ಬಿಟ್ಟ ಜಾಗವನ್ನು ಹೆಬ್ಬೆರಳಿನಿಂದ ಒತ್ತಿ. ತಗಡು ಡಬ್ಬೆಂದು ಒಳಗೆ ಹೋಗಿ ಮತ್ತೆ ಹೊರಗೆ ಬಂದರೆ ಅಲ್ಲಿ ತಗಡು ಹಿಗ್ಗಿದೆ. ಡಿಕ್ಕಿ ಹೊಡೆದಾಗ ಅಥವಾ ಟಿಂಕರ್ ಕೆಲಸದಲ್ಲಿ ಸುತ್ತಿಗೆ ಹೆಚ್ಚು ಬಿದ್ದಾಗ ತಗಡು ತೆಳುವಾಗಿ, ಅಗಲವಾಗಿ, ನಿಲ್ಲಲು ಜಾಗವಿಲ್ಲದೆ ಹೀಗೆ ಆಡುತ್ತದೆ. ಅದರ ಮೇಲೆ ಎಷ್ಟೇ ಒಳ್ಳೆಯ ಪುಟ್ಟಿ ಹಾಕಿದರೂ ಬಾಗಿಲು ಹಾಕುವ ಪ್ರತಿ ಸಲವೂ ಬಗ್ಗಿ ಒಡೆಯುತ್ತದೆ. ಇದಕ್ಕೆ ಮದ್ದು ಬೆಂಕಿ: ಗ್ಯಾಸ್ ಜ್ವಾಲೆಯಿಂದ ನಾಣ್ಯದಷ್ಟು ಜಾಗವನ್ನು ಮಂದ ಕೆಂಪಾಗುವವರೆಗೆ ಕಾಯಿಸಿ, ಡಾಲಿ (ತಗಡಿನ ಹಿಂದೆ ಆನಿಸಿ ಹಿಡಿಯುವ ಕಬ್ಬಿಣದ ಗಟ್ಟಿ) ಹಿಡಿದು ತಟ್ಟಿ, ಒದ್ದೆ ಬಟ್ಟೆ ಒತ್ತಿ ತಗಡನ್ನು ಕುಗ್ಗಿಸುವುದು. ಇದು ಪಳಗಿದ ಕೈಯವರ ಕೆಲಸ. ಅಂಥ ಹಿರಿಯ ಟಿಂಕರ್‌ಗಳು ನಮ್ಮ ಊರುಗಳಲ್ಲಿ ಇನ್ನೂ ಇದ್ದಾರೆ. ಅವರನ್ನು ಹುಡುಕಿಕೊಂಡು ಹೋಗುವುದಕ್ಕೆ ಬೇಸರಪಡಬೇಡಿ.

ಬಿರುಕು ನೇರ ಗೆರೆಯಾಗಿದ್ದರೆ ಅದರ ಕೆಳಗೆ ಒಂದು ಕೂಡು ಇದೆ. ತೇಪೆಯ ತಗಡನ್ನು ಅಲ್ಲಲ್ಲಿ ಚುಕ್ಕಿ ವೆಲ್ಡ್ ಮಾಡಿ ನಡುವಿನ ಸಂದನ್ನು ಪುಟ್ಟಿಯಿಂದ ಮುಚ್ಚಿದರೆ ಹೀಗೆಯೇ ಆಗುವುದು. ಬೋಲ್ಟಿನಿಂದ ಸೇರುವ ಎರಡು ಭಾಗಗಳ ನಡುವಿನ ಗೆರೆಯನ್ನು ಅಂದಕ್ಕೆಂದು ಮುಚ್ಚಿದರೂ ಅಷ್ಟೇ. ಆ ಗೆರೆಯನ್ನು ಹಾಗೆಯೇ ಬಿಡಿ, ಕಾರು ಹುಟ್ಟಿದ್ದೇ ಹಾಗೆ. ಎಲ್ಲ ದಿಕ್ಕಿಗೂ ಚದುರಿದ ಬಿರುಕಾದರೆ ಮ್ಯಾಗ್ನೆಟ್ ಗುರುತುಗಳತ್ತ ಕಣ್ಣು ಹಾಯಿಸಿ, ಅಲ್ಲಿ ಪುಟ್ಟಿ ಮಿತಿಮೀರಿ ದಪ್ಪವಿರುತ್ತದೆ.

ಉಂಗುರ

ಬಣ್ಣ ಹೊಡೆದಾಗ ಇರಲಿಲ್ಲ, ತಿಂಗಳೆರಡು ತಿಂಗಳಿಗೆ ಕಾಣಿಸಿತು. ಉಗುರಿನಿಂದ ಮೆಲ್ಲನೆ ಗೀರಿದರೆ ಅಂಚು ತಾಗುತ್ತದೆ. ಇದರಲ್ಲಿ ಮೊದಲ ಅಪರಾಧಿ ಎನ್‌.ಸಿ. ಪುಟ್ಟಿ. ಟ್ಯೂಬ್‌ನಲ್ಲಿ ಬರುವ ಈ ನೈಟ್ರೊಸೆಲ್ಯುಲೋಸ್ ಪುಟ್ಟಿಗೆ ಹಾರ್ಡನರ್ (ಪುಟ್ಟಿ ಗಟ್ಟಿಯಾಗಲು ಬೆರೆಸುವ ದ್ರವ್ಯ) ಬೇಡ, ಥಿನ್ನರ್ ಆರಿದಂತೆ ಒಣಗುತ್ತದೆ. ಅಗ್ಗ, ಸುಲಭ, ಆದ್ದರಿಂದ ತಗ್ಗಿಗೂ ಅದನ್ನೇ ಮೆತ್ತುತ್ತಾರೆ. ದಪ್ಪ ಹಾಕಿದರೆ ಮೇಲ್ಮೈ ಒಣಗಿ ಒಳಗಿನ ಥಿನ್ನರ್ ವಾರಗಟ್ಟಲೆ ಹೊರಬರುತ್ತಾ, ಅಷ್ಟೂ ಕಾಲ ಪುಟ್ಟಿ ಕುಗ್ಗುತ್ತಲೇ ಇರುತ್ತದೆ. ಎಮರಿ ಗೀರು, ಸೂಜಿ ತೂತು ಮುಚ್ಚಲು ಮಾತ್ರ ಅದನ್ನು ಬಳಸಬೇಕು. ನನ್ನ ಕೇಳಿದರೆ ಅದಕ್ಕೂ ಹಾರ್ಡನರ್ ಬೆರೆಸುವ ತೆಳು ಪಾಲಿಯೆಸ್ಟರ್ ಪುಟ್ಟಿಯೇ ವಾಸಿ.

ಎನ್‌.ಸಿ. ಇಲ್ಲದೆಯೂ ಉಂಗುರ ಬಂದರೆ ಹಳೆಯ ಬಣ್ಣದ ಅಂಚನ್ನು ನೋಡಿ. ಪುಟ್ಟಿಯ ಅಂಚು ಹಳೆಯ ಬಣ್ಣದ ಮೇಲೆ ಏರಿ ಕೂತಿದ್ದರೆ ಪ್ರೈಮರ್‌ನ ಥಿನ್ನರ್ ಆ ಬಣ್ಣವನ್ನು ಉಬ್ಬಿಸುತ್ತದೆ, ಪುಟ್ಟಿಯನ್ನು ಉಬ್ಬಿಸುವುದಿಲ್ಲ. ಆ ವ್ಯತ್ಯಾಸವೇ ಗೆರೆ. 80ರಿಂದ ನೇರ ಪ್ರೈಮರ್‌ಗೆ ಹಾರಿದರೂ ಗೀರುಗಳು ತಿಂಗಳ ನಂತರ ಮೇಲೆ ಮೂಡುತ್ತವೆ. 80 ಆದ ಮೇಲೆ 180, ಅಂಚು ಇಳಿಸಲು 240, ಸರ್ಫೇಸರ್ ಮೇಲೆ 400. ಈ ಮೆಟ್ಟಿಲು ತಪ್ಪಿಸಬಾರದು.

ಅಲೆ

ಹಳೆಯ ಕಾರಿನ ಚೆಲುವು ಇರುವುದು ಗೆರೆಯಲ್ಲಿ. ಅಂಬಾಸಿಡರ್‌ನ ಮಡ್‌ಗಾರ್ಡ್ ಗುಂಡಗೆ ಇಳಿದು ಬಾಗಿಲಿಗೆ ಸೇರುವ ಜಾಗ, ಪದ್ಮಿನಿಯ ಪಕ್ಕದ ಉದ್ದನೆಯ ಗೆರೆ, ಇವುಗಳಲ್ಲಿ ಅಲೆ ಇದ್ದರೆ ಎಂಥ ಬಣ್ಣವೂ ಅದನ್ನು ಉಳಿಸುವುದಿಲ್ಲ. ಹೊಳಪು ಹೆಚ್ಚಿದಷ್ಟೂ ಅಲೆ ಎದ್ದು ಕಾಣುತ್ತದೆ. ಕಪ್ಪು ಬಣ್ಣದಲ್ಲಂತೂ ಕೇಳುವುದೇ ಬೇಡ. ಅದಕ್ಕಾಗಿ ಈ ದೋಷವನ್ನು ಬಣ್ಣಕ್ಕೆ ಮೊದಲೇ ಹಿಡಿಯಬೇಕು. “ಪ್ರೈಮರ್ ಬಿದ್ದ ಮೇಲೆ ಸರಿಹೋಗುತ್ತದೆ” ಎಂಬ ಮಾತನ್ನು ಯಾರು ಹೇಳಿದರೂ ನಂಬಬೇಡಿ.

ಪರೀಕ್ಷೆ ಹೀಗೆ. ಉಜ್ಜಿದ ಮೈಯನ್ನು ಒದ್ದೆ ಮಾಡದೆ, ಅದರ ಮೇಲೆ ತೆಳುವಾದ ಹತ್ತಿ ಬಟ್ಟೆ ಹಾಸಿ, ಅಂಗೈಯನ್ನು ಪೂರ್ತಿ ಚಪ್ಪಟೆ ಇಟ್ಟು ಮಡ್‌ಗಾರ್ಡ್‌ನಿಂದ ಬಾಗಿಲಿನ ಕೊನೆಯವರೆಗೆ ನಿಧಾನವಾಗಿ ಎಳೆಯಿರಿ. ಬೆರಳ ತುದಿ ತಪ್ಪು ಹೇಳುತ್ತದೆ, ಅಂಗೈ ಹೇಳುವುದಿಲ್ಲ. ಬಳಿಕ ಗೈಡ್ ಕೋಟ್: ಸ್ಪ್ರೇ ಡಬ್ಬಿಯಿಂದ ಕಪ್ಪು ಬಣ್ಣವನ್ನು ದೂರದಿಂದ ಚಿಮುಕಿಸಿದಷ್ಟೇ ಬೀಳಿಸಿ, ಒಣಗಿದ ಮೇಲೆ ಒಂದು ಮೊಳಕ್ಕಿಂತ ಕಡಿಮೆಯಿಲ್ಲದ ಉದ್ದನೆಯ ಹಲಗೆಗೆ ಎಮರಿ ಅಂಟಿಸಿ ಓರೆಯಾಗಿ, ಒಮ್ಮೆ ಎಡದಿಂದ, ಒಮ್ಮೆ ಬಲದಿಂದ ಉಜ್ಜಿ. ಕಪ್ಪು ಉಳಿದ ಕಡೆ ತಗ್ಗು. ಕಪ್ಪು ಮೊದಲೇ ಹೋಗಿ ತಗಡು ಇಣುಕಿದ ಕಡೆ ಉಬ್ಬು.

ಉಬ್ಬು ಕಂಡಾಗ ಮಾಡುವ ಕೆಲಸದಲ್ಲೇ ಒಳ್ಳೆಯ ಬಾಡಿ ಕೆಲಸ ಮತ್ತು ಕೆಟ್ಟದ್ದು ಬೇರೆಯಾಗುವುದು. ಒಂದು ಉಬ್ಬನ್ನು ಮುಚ್ಚಲು ಸುತ್ತಲಿನ ಇಡೀ ಬಾಗಿಲಿಗೆ ಪುಟ್ಟಿ ಏರಿಸುವುದು ಸುಲಭದ ದಾರಿ, 5 ಮಿಲಿಮೀಟರ್ ದಪ್ಪದ ಬಾಗಿಲುಗಳು ಹುಟ್ಟುವುದು ಹಾಗೆ. ಹಿಂದೆ ಡಾಲಿ ಹಿಡಿದು, ಮುಂದಿನಿಂದ ಸಣ್ಣ ಸುತ್ತಿಗೆಯಲ್ಲಿ ಆ ಉಬ್ಬನ್ನಷ್ಟೇ ಮೆಲ್ಲನೆ ತಟ್ಟಿ ಇಳಿಸಿ. ಪುಟ್ಟಿಯ ಮೇಲೆ ತಟ್ಟಬೇಡಿ, ಒಡೆಯುತ್ತದೆ. ಆ ಜಾಗದ ಪುಟ್ಟಿ ತೆಗೆದೇ ತಟ್ಟಬೇಕು. ಆಮೇಲೆ ತಗ್ಗಿಗೆ ತೆಳುವಾಗಿ ಎಳೆದು, ಹಿಂದಿನ ತಗ್ಗಿಗಿಂತ ಎರಡು ಪಟ್ಟು ಅಗಲಕ್ಕೆ ಹರಡಿ ಮತ್ತೆ ಉಜ್ಜಿ.

ಇನ್ನೊಂದು ಮಾತು: ಬಾಗಿಲನ್ನು ಕಳಚಿ ಬೆಂಚಿನ ಮೇಲಿಟ್ಟು ಉಜ್ಜಿದರೆ ಅದು ತನ್ನಷ್ಟಕ್ಕೆ ನೇರವಾಗುತ್ತದೆ, ಕಾರಿಗೆ ಕೂರಿಸಿದಾಗ ಪಕ್ಕದ ಮಡ್‌ಗಾರ್ಡ್‌ಗೆ ಹೊಂದುವುದಿಲ್ಲ. ಮೊದಲು ಹಿಂಜ್ ಸರಿಮಾಡಿ, ಸುತ್ತಲಿನ ಸಂದು ಒಂದೇ ಸಮ ಬರುವಂತೆ ಬಾಗಿಲು ಕೂರಿಸಿ, ಕಾರು ನಾಲ್ಕೂ ಚಕ್ರದ ಮೇಲೆ ನಿಂತಿರುವಾಗ, ಬಾಗಿಲು ಹಾಕಿಯೇ ಎರಡನ್ನೂ ಒಟ್ಟಿಗೆ ಉಜ್ಜಬೇಕು.

ಕಲಸಿದ್ದು ಕೆಟ್ಟರೆ

ಹಾರ್ಡನರ್ ಲೆಕ್ಕ ತೂಕದಲ್ಲಿ ಶೇಕಡ 2ರ ಆಸುಪಾಸು: 100 ಗ್ರಾಂ ಪುಟ್ಟಿಗೆ 2 ಗ್ರಾಂ. ಅಡುಗೆ ಮನೆಯ ಡಿಜಿಟಲ್ ತಕ್ಕಡಿ ಬೇರೆ ಒಂದನ್ನು ಇದಕ್ಕೇ ಮೀಸಲಿಡಿ. ಎಮರಿಗೆ ಪುಟ್ಟಿ ಮೆತ್ತಿಕೊಳ್ಳುತ್ತಿದ್ದರೆ ಹಾರ್ಡನರ್ ಕಡಿಮೆಯಾಗಿದೆ ಅಥವಾ ಸರಿಯಾಗಿ ಬೆರೆತಿಲ್ಲ. ಮೇಲ್ಮೈಯಲ್ಲಷ್ಟೇ ತುಸು ಜಿಗುಟು ಇರುವುದು ಸಹಜ, ಗಾಳಿ ತಾಗಿದ ಪದರ ಪೂರ್ತಿ ಗಟ್ಟಿಯಾಗುವುದಿಲ್ಲ. ಗಂಟೆ ಕಳೆದರೂ ಉಗುರು ಇಳಿಯುವುದಾದರೆ ಪೂರ್ತಿ ಕೆರೆದು ತೆಗೆಯಬೇಕು, ಮೇಲಿನಿಂದ ಹಾರ್ಡನರ್ ಸವರಿದರೆ ಉಪಯೋಗವಿಲ್ಲ. ಬಿಳಿ ಅಥವಾ ತಿಳಿ ಬಣ್ಣದ ಮೇಲೆ ಹಳದಿ ಕಲೆ ಮೂಡಿದರೆ ಹಾರ್ಡನರ್ ಹೆಚ್ಚಾಗಿದೆ. ಅದರ ಪೆರಾಕ್ಸೈಡ್ ಬಣ್ಣದವರೆಗೂ ಹಾಯ್ದು ಬರುತ್ತದೆ, ಮೇಲೆ ಮತ್ತೊಂದು ಕೋಟ್ ಹೊಡೆದರೂ ಮತ್ತೆ ಬರುತ್ತದೆ.

ಸೂಜಿ ತೂತುಗಳು ಬಂದರೆ ಕಲಸುವಾಗ ಗಾಳಿ ಸೇರಿದೆ. ಹಲಗೆಯ ಮೇಲೆ ಒತ್ತಿ ಮಡಚುತ್ತಾ ಕಲಸಬೇಕು, ಗಿರಗಿರನೆ ತಿರುಗಿಸಬಾರದು. ಮೊದಲ ಪದರವನ್ನು ಗೀರುಗಳಿಗೆ ಒತ್ತಿ ತೆಳುವಾಗಿ ಎಳೆದು, ಅದರ ಮೇಲೆ ಎರಡನೆಯದು. ಏಪ್ರಿಲ್, ಮೇ ತಿಂಗಳ ಸೆಕೆಯಲ್ಲಿ ಕಲಸಿದ ಪುಟ್ಟಿ ಮೂರು ನಾಲ್ಕು ನಿಮಿಷಕ್ಕೇ ಗಂಟಾಗತೊಡಗುತ್ತದೆ. ಆದ್ದರಿಂದ ಅಂಗೈಯಲ್ಲಿ ಹಿಡಿಸುವಷ್ಟೇ ಕಲಸಿ.

ಯಾವಾಗ ಮಾಡಿಸಬೇಕು

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ತೆರೆದ ಶೆಡ್ಡಿನಲ್ಲಿ ಪುಟ್ಟಿ, ಬಣ್ಣದ ಕೆಲಸ ಬೇಡ. ಗಾಳಿಯ ತೇವ ಶೇಕಡ 85 ದಾಟಿದಾಗ ಬಣ್ಣ ಹೊಡೆಯಬಾರದು ಎಂಬ ಮಿತಿಯನ್ನು ಇಲ್ಲಿನ ಮಳೆಗಾಲ ಹೆಚ್ಚಿನ ಹೊತ್ತು ಮೀರಿರುತ್ತದೆ. ಆ ತಿಂಗಳುಗಳನ್ನು ಟಿಂಕರಿಂಗ್, ವೆಲ್ಡಿಂಗ್, ತುಕ್ಕು ತೆಗೆದು ಎಪಾಕ್ಸಿ ಹೊಡೆಯುವ ತಯಾರಿಗೆ, ಅದೂ ಮುಚ್ಚಿದ ಒಣ ಜಾಗ ಇದ್ದರೆ, ಇಟ್ಟುಕೊಳ್ಳಬಹುದು. ಪುಟ್ಟಿಗೆ ನವೆಂಬರ್‌ನಿಂದ ಫೆಬ್ರವರಿ ಹಿತ. ಆಗಲೂ ಬೆಳಗ್ಗೆ ಇಬ್ಬನಿ ಆರಿ ತಗಡು ಬೆಚ್ಚಗಾದ ಮೇಲೆ ಶುರು ಮಾಡಿ, ತಂಪು ತಗಡಿನ ಮೇಲೆ ಕಣ್ಣಿಗೆ ಕಾಣದ ನೀರಿನ ಪದರ ಇರುತ್ತದೆ.

ಬಣ್ಣ ಮುಗಿದ ಮೇಲೆ ಎಷ್ಟೋ ಜನ ಹಿಂಬದಿಯನ್ನು ಮರೆಯುತ್ತಾರೆ. ಬಾಗಿಲೊಳಗೆ, ಮಡ್‌ಗಾರ್ಡ್ ಮೂಲೆಯಲ್ಲಿ, ವೆಲ್ಡ್ ಆದ ತೇಪೆಯ ಬೆನ್ನಿಗೆ ಕ್ಯಾವಿಟಿ ವ್ಯಾಕ್ಸ್ (ಟೊಳ್ಳು ಜಾಗಗಳಲ್ಲಿ ತುಕ್ಕು ತಡೆಯುವ ಮೇಣ) ಉದ್ದ ನಳಿಗೆಯಿಂದ ಚಿಮುಕಿಸಿ. ಬಾಗಿಲ ಕೆಳಗಿನ ತೂತುಗಳಿಗೆ ಅದು ಅಡ್ಡ ಬರದಂತೆ ಕಡ್ಡಿ ಆಡಿಸಿ ಬಿಡಿ. ಪ್ರತಿ ವರ್ಷ ಮೇ ಕೊನೆಯಲ್ಲಿ ಆ ತೂತುಗಳನ್ನು ಮತ್ತೊಮ್ಮೆ ಬಿಡಿಸಿ, ರೆಕ್ಸಿನ್ ಹಲಗೆಯ ಹಿಂದಿನ ಪ್ಲಾಸ್ಟಿಕ್ ಹಾಳೆ ಹರಿದಿದ್ದರೆ ಬದಲಾಯಿಸಿ.